ಕೂದಲೆಳೆಯ ಗುರಿ

ಸ್ಕೋಪು ಕೊಳ್ಳುವವರು ಗಾಜಿನ ಗುಣಮಟ್ಟ ವಿಚಾರಿಸುತ್ತಾರೆ, ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆಂದು ಕೇಳುತ್ತಾರೆ, ಬೆಲೆಗೆ ಚೌಕಾಸಿ ಮಾಡುತ್ತಾರೆ. ಒಳಗಿರುವ ಗೆರೆಗಳ ಮಾತು ಬರುವುದು ಕೊನೆಗೆ. ಗುಂಡು ಎಲ್ಲಿಗೆ ಹೋಗಬೇಕೆಂದು ತೋರಿಸುವುದೂ ಆ ಗೆರೆಗಳೇ, ಈ ಈಡು ಬೇಡವೆಂದು ತಡೆಯುವುದೂ ಆ ಗೆರೆಗಳೇ. ಜೇಡನ ಎಳೆಯಿಂದ ಚುಕ್ಕಿಗಳ ಮರದವರೆಗೆ ಬೆಳೆದು ಬಂದ ರೆಟಿಕಲ್‌ನ ಕಥೆ ಇದು; ಅದನ್ನು ಆರಿಸಿಕೊಳ್ಳುವ ಬಗೆಯೂ ಇಲ್ಲಿದೆ.

ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚಿನ ಶನಿವಾರ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಕಾಡಂಚಿನಲ್ಲಿ, ಓಕ್ ಮರವೊಂದಕ್ಕೆ ಕಟ್ಟಿದ ಅಟ್ಟಣೆಯ ಮೇಲೆ, ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟ ಬೇಟೆಗಾರನೊಬ್ಬ ಕತ್ತಲಲ್ಲೇ ಬಂದು ಕುಳಿತಿದ್ದಾನೆ. ಸೂರ್ಯ ಹುಟ್ಟಲು ಇನ್ನೂ ಕಾಲು ಗಂಟೆಯಿದೆ. ಕಾನೂನು ಗೊತ್ತುಮಾಡಿದ ಬೇಟೆಯ ಹೊತ್ತು ಮಾತ್ರ ಆಗಲೇ ಶುರುವಾಗಿದೆ.

ಎಂಬತ್ತು ಮೀಟರ್ ಆಚೆ ಪೊದೆ ಅಲುಗುತ್ತದೆ. ಕವಲೊಡೆದ ಕೊಂಬಿನ ಬಿಳಿಬಾಲದ ಜಿಂಕೆ ಹೊರಬಂದು ನಿಲ್ಲುತ್ತದೆ. ರೈಫಲ್ ಹೆಗಲಿಗೇರುತ್ತದೆ. ಸ್ಕೋಪಿನಲ್ಲಿ ಜಿಂಕೆ ಕಾಣುತ್ತದೆ, ಅದರ ಹಿಂದಿನ ಮರಗಳೂ ಕಾಣುತ್ತವೆ. ಗುರಿ ತೋರಿಸಬೇಕಾದ ಗೆರೆಗಳು ಮಾತ್ರ ಕಾಣುತ್ತಿಲ್ಲ. ಕೂದಲಿನಷ್ಟು ತೆಳುವಾದ ಆ ಕಪ್ಪು ಗೆರೆಗಳು ಕಪ್ಪು ತೊಗಟೆಯಲ್ಲಿ ಕರಗಿಹೋಗಿವೆ.

ಅವನು ಕುದುರೆಯಿಂದ ಬೆರಳು ತೆಗೆಯುತ್ತಾನೆ. ಜಿಂಕೆ ನಿಧಾನವಾಗಿ ಮರೆಯಾಗುತ್ತದೆ. ಅವನು ಮಾಡಿದ್ದು ಸರಿ. ತಪ್ಪಿದ್ದು ಆ ಸ್ಕೋಪನ್ನು ಆರಿಸಿದ ದಿನ: ಅಂಗಡಿಯ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಆ ತೆಳು ಗೆರೆಗಳು ಬಹಳ ಚೆಂದ ಕಂಡಿದ್ದವು.

ಒಂಬತ್ತು ದಿನ ನಡೆಯುವ ಈ ಜಿಂಕೆ ಬೇಟೆಗೆ ವಿಸ್ಕಾನ್ಸಿನ್ ಒಂದರಲ್ಲೇ ಐದು ಲಕ್ಷಕ್ಕೂ ಹೆಚ್ಚು ಮಂದಿ ಪರವಾನಗಿ ಪಡೆಯುತ್ತಾರೆ. ಪ್ರತಿ ವರ್ಷ ಈ ಹೊತ್ತಿಗೆ ಅಲ್ಲಿನ ಬಂದೂಕಿನಂಗಡಿಗಳಲ್ಲಿ ಕೇಳಿಬರುವ ಪ್ರಶ್ನೆಯೂ ಒಂದೇ: ಯಾವ ರೆಟಿಕಲ್ ತೆಗೆದುಕೊಳ್ಳಲಿ?

ರೆಟಿಕಲ್ ಎಂದರೆ ಸ್ಕೋಪಿನೊಳಗೆ ಕಾಣುವ ಗುರಿಗೆರೆಗಳ ಜಾಲ. ಸಿನಿಮಾಗಳಲ್ಲಿ ನಾವೆಲ್ಲ ನೋಡಿರುವ ಅಡ್ಡಗೆರೆ–ಉದ್ದಗೆರೆಯ ಕ್ರಾಸ್‌ಹೇರ್ ಅದರ ಅತಿ ಸರಳ ರೂಪ. ಅದು ಬರೀ ಗುರಿ ತೋರಿಸುವ ಕಡ್ಡಿ ಎಂದು ತಿಳಿದವರೇ ಹೆಚ್ಚು. ನಿಜದಲ್ಲಿ ಅದು ಹುಟ್ಟಿದ್ದು ಬಂದೂಕಿಗಾಗಿಯಲ್ಲ, ಅಳೆಯುವುದಕ್ಕಾಗಿ.

ಜೇಡ ಕಟ್ಟಿದ ಗೆರೆ

ಇಂಗ್ಲೆಂಡಿನ ಯಾರ್ಕ್‌ಷೈರ್‌ನ ಯುವಕ ವಿಲಿಯಂ ಗ್ಯಾಸ್ಕೊಯಿನ್‌ಗೆ ನಕ್ಷತ್ರ ನೋಡುವ ಹುಚ್ಚು. 1640ರ ಆಸುಪಾಸು. ತೆರೆದಿಟ್ಟ ಉಪಕರಣವೊಂದರೊಳಗೆ ಜೇಡವೊಂದು ಎಳೆ ಕಟ್ಟಿತ್ತು. ಮಸೂರದ ಮೂಲಕ ನೋಡಿದರೆ, ದೂರದ ದೃಶ್ಯ ಎಷ್ಟು ಸ್ಪಷ್ಟವಾಗಿತ್ತೋ ಆ ಎಳೆಯೂ ಅಷ್ಟೇ ಸ್ಪಷ್ಟ! ಎಳೆಯಿದ್ದ ಜಾಗ ಮಸೂರಗಳು ಬಿಂಬ ಮೂಡಿಸುವ ತಾಣವೇ ಆಗಿತ್ತು. ಬಿಂಬ ಬೀಳುವಲ್ಲೇ ಎಳೆಯಿದ್ದರೆ ಕಣ್ಣಿಗೆ ಎರಡೂ ಒಂದೇ ದೂರದಲ್ಲಿ ನಿಂತಂತೆ ಕಾಣುತ್ತವೆ.

ಗ್ಯಾಸ್ಕೊಯಿನ್ ಅದನ್ನು ಅಲ್ಲಿಗೇ ಬಿಡಲಿಲ್ಲ. ದೂರದರ್ಶಕದೊಳಗೆ ಎರಡು ಅಂಚುಗಳನ್ನಿಟ್ಟು, ತಿರುಪಿನಿಂದ ಅವನ್ನು ಹತ್ತಿರ ದೂರ ಸರಿಸಿ, ಗ್ರಹಗಳ ತೋರಿಕೆಯ ಅಗಲ ಅಳೆಯುವ ಮೈಕ್ರೊಮೀಟರನ್ನೇ ಕಟ್ಟಿದ. 1644ರ ಜುಲೈ 2ರಂದು ಮಾರ್ಸ್ಟನ್ ಮೂರ್ ಕಾಳಗದಲ್ಲಿ ರಾಜನ ಪರ ಹೋರಾಡುತ್ತ ಸತ್ತ. ಅವನ ಕೆಲಸವನ್ನು ರಿಚರ್ಡ್ ಟೌನ್ಲಿ ಮುಂದುವರಿಸಿದ. ರಾಬರ್ಟ್ ಹುಕ್ 1667ರಲ್ಲಿ ಅದರ ವಿವರಣೆ ಪ್ರಕಟಿಸಿದ.

ಈ ಎಳೆ ನಮ್ಮ ನೆಲವನ್ನೂ ಅಳೆದಿದೆ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, 1800ರಲ್ಲಿ, ಬೆಂಗಳೂರಿನ ಬಳಿ ಆಧಾರರೇಖೆ ಅಳೆದ ವಿಲಿಯಂ ಲ್ಯಾಂಬ್ಟನ್ ಮುಂದೆ ದಕ್ಷಿಣ ಭಾರತವನ್ನು ತ್ರಿಕೋನಗಳಲ್ಲಿ ಹಿಡಿದದ್ದು ಥಿಯೊಡೊಲೈಟಿನ ದೂರದರ್ಶಕದೊಳಗಿನ ಗೆರೆಗಳ ನೆರವಿನಿಂದ. ಪಾಲಿಟೆಕ್ನಿಕ್ಕಿನಲ್ಲಿ ಸಿವಿಲ್ ಓದಿದವರಿಗೆ ಸ್ಟೇಡಿಯಾ ಹೇರ್ ಎಂದರೆ ಸಾಕು, ನೆನಪಾಗುತ್ತದೆ. ಮೇಲಿನ ಗೆರೆಗೂ ಕೆಳಗಿನ ಗೆರೆಗೂ ನಡುವೆ ಸಿಗುವ ಸ್ಟಾಫ್‌ನ ಅಳತೆಯನ್ನು ನೂರರಿಂದ ಗುಣಿಸಿದರೆ ದೂರ ಬಂತು. ಇವತ್ತು ಸಾವಿರ ಗಜ ದೂರದ ಕಬ್ಬಿಣದ ಹಲಗೆಗೆ ಹೊಡೆಯುವವನ ಸ್ಕೋಪಿನಲ್ಲಿರುವುದೂ ಇದೇ ಲೆಕ್ಕ.

ಸರ್ವೆಗೂ ಸ್ಕೋಪಿಗೂ ಇನ್ನೂ ನೇರವಾದ ಕೊಂಡಿಯೊಂದಿದೆ. ಅಮೆರಿಕದ ಆರೆಗನ್ ರಾಜ್ಯದ ಲ್ಯೂಪೋಲ್ಡ್ ಕಂಪನಿ 1907ರಲ್ಲಿ ಶುರುವಾದದ್ದು ಸರ್ವೆ ಉಪಕರಣಗಳ ರಿಪೇರಿ ಅಂಗಡಿಯಾಗಿ. ಆ ಮನೆತನದ ಮಾರ್ಕಸ್ ಲ್ಯೂಪೋಲ್ಡ್ ಬೇಟೆಗೆ ಹೋದಾಗ ಸ್ಕೋಪಿನೊಳಗೆ ಮಂಜು ಕಟ್ಟಿ ಜಿಂಕೆ ಕೈತಪ್ಪಿತು; ಇದಕ್ಕಿಂತ ಒಳ್ಳೆಯದನ್ನು ನಾನೇ ಮಾಡಬಲ್ಲೆ ಎಂದು ಹೊರಟ ಎನ್ನುವುದು ಕಂಪನಿ ಇಂದಿಗೂ ಹೇಳಿಕೊಳ್ಳುವ ಕಥೆ. ಅವರ ಮೊದಲ ಸ್ಕೋಪು ಬಂದದ್ದು 1947ರಲ್ಲಿ.

---

ಬಾಕ್ಸ್: ಎಳೆಯಿಂದ ಗಾಜಿಗೆ

ಜೇಡರ ಎಳೆ ಬಹಳ ತೆಳು, ಅಷ್ಟೇ ಗಟ್ಟಿ, ಅಡ್ಡಾದಿಡ್ಡಿ ತಿರುಚಿಕೊಳ್ಳುವುದಿಲ್ಲ. ಎರಡನೇ ಮಹಾಯುದ್ಧದ ಹೊತ್ತಿನಲ್ಲೂ ಅದಕ್ಕೆ ಬೇಡಿಕೆಯಿತ್ತು. ಕ್ಯಾಲಿಫೋರ್ನಿಯಾದ ಯುಕೈಪಾದಲ್ಲಿ ನ್ಯಾನ್ ಸಾಂಗರ್ ಎಂಬಾಕೆ ಜೇಡಗಳನ್ನು ಸಾಕಿ, ಜೀವಂತ ಜೇಡಗಳಿಂದ ಎಳೆ ತೆಗೆದು ಉಪಕರಣ ತಯಾರಕರಿಗೆ ಕೊಡುತ್ತಿದ್ದರು. ಬ್ಲ್ಯಾಕ್ ವಿಡೋ ಎಂಬ ವಿಷದ ಜೇಡದ ಎಳೆಗೂ ಒಳ್ಳೆಯ ಹೆಸರಿತ್ತು.

ಆಮೇಲೆ ಬಂದದ್ದು ತೆಳು ಲೋಹದ ತಂತಿ. ಇಂದಿನ ಬಹುಪಾಲು ಅಳತೆಗೆರೆಗಳು ಗಾಜಿನ ಮೇಲೆ ಕೊರೆದವು. ತಂತಿಯನ್ನು ಅಂಚಿನಿಂದ ಅಂಚಿಗೆ ಎಳೆದು ಕಟ್ಟಲೇಬೇಕು. ಗಾಜಿನ ಮೇಲಾದರೆ ಚುಕ್ಕಿ, ಅಂಕಿ, ತೇಲುವ ಶಿಲುಬೆ, ಏನನ್ನು ಬೇಕಾದರೂ ಬರೆಯಬಹುದು. ಇಂದು ಕಾಣುವ ಅತಿ ಅಲಂಕಾರಕ್ಕೆ ದಾರಿ ತೆರೆದದ್ದೂ ಇದೇ ಅನುಕೂಲ.

---

ಕತ್ತಲಿಗೆ ದಪ್ಪ, ದೂರಕ್ಕೆ ತೆಳು

ಮುಸ್ಸಂಜೆಯ ಬೇಟೆಯ ಕಷ್ಟವನ್ನು ಎಲ್ಲರಿಗಿಂತ ಮೊದಲು ಗಂಭೀರವಾಗಿ ತೆಗೆದುಕೊಂಡವರು ಜರ್ಮನರು. ಅಲ್ಲಿ ಹೊಲದಂಚಿಗೆ ಹೋಖ್‌ಜಿಟ್ಸ್ ಎಂಬ ಎತ್ತರದ ಮರದ ಗೂಡು ಕಟ್ಟಿಕೊಂಡು ಕೂರುತ್ತಾರೆ. ನಮ್ಮ ಮಲೆನಾಡಿನವರು ಮರಸಿಗೆ ಕೂರುತ್ತಿದ್ದದ್ದು ನೆನಪಾಗಬಹುದು. ಜಿಂಕೆ ಜಾತಿಯ ಪ್ರಾಣಿಗಳನ್ನು ರಾತ್ರಿ ಹೊಡೆಯುವುದು ಜರ್ಮನಿಯಲ್ಲಿ ನಿಷಿದ್ಧ. ಬೆಳೆ ಹಾಳುಮಾಡುವ ಕಾಡುಹಂದಿಗೆ ಮಾತ್ರ ಆ ರಕ್ಷಣೆಯಿಲ್ಲ. ಹಂದಿ ಬರುವುದೋ ಬೆಳದಿಂಗಳಲ್ಲಿ.

ಹೀಗಾಗಿ ಅವರ ನಾಲ್ಕನೇ ನಂಬರಿನ ರೆಟಿಕಲ್‌ನಲ್ಲಿ ಎಡ, ಬಲ, ಕೆಳಗೆ ಮೂರು ದಪ್ಪ ಕಂಬಗಳು; ನಡುವೆ ಮಾತ್ರ ತೆಳು ಗೆರೆ. ತೆಳು ಗೆರೆ ಕತ್ತಲಲ್ಲಿ ಮಾಯವಾದರೂ ಮೂರು ಕಂಬಗಳು ಉಳಿಯುತ್ತವೆ. ಅವುಗಳ ನಡುವಿನ ಖಾಲಿ ಜಾಗಕ್ಕೆ ಪ್ರಾಣಿಯ ಎದೆ ಬಂತೆಂದರೆ ಗುರಿ ಕೂತಂತೆ. ನೂರು ವರ್ಷಕ್ಕೂ ಹಳೆಯ ಸಂಪ್ರದಾಯದಿಂದ ಬಂದ ಈ ವಿನ್ಯಾಸವನ್ನು ಮೀರಿಸುವಂಥದ್ದು ಮಂದ ಬೆಳಕಿನ ಬೇಟೆಗೆ ಇನ್ನೂ ಬಂದಿಲ್ಲ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಇದರ ಜೊತೆಗೇ ಬರುವ ಸ್ಕೋಪಿನ ಅಳತೆ 8×56. ಎಂಟು ಪಟ್ಟು ಹಿಗ್ಗಿಸುವ, 56 ಮಿಲಿಮೀಟರ್ ಮುಂಗಾಜಿನ ಸ್ಕೋಪು. ಐವತ್ತಾರನ್ನು ಎಂಟರಿಂದ ಭಾಗಿಸಿದರೆ 7. ಕಣ್ಣಿಗೆ ತಲುಪುವ ಬೆಳಕಿನ ಕಂಬದ ಅಗಲ 7 ಮಿಲಿಮೀಟರ್. ಕತ್ತಲಿಗೆ ಹೊಂದಿಕೊಂಡ ಎಳೆಯ ಕಣ್ಣಿನ ಪಾಪೆ ಅರಳುವುದೂ ಸುಮಾರು ಅಷ್ಟೇ. ವಯಸ್ಸಾದಂತೆ ಪಾಪೆ 5 ಮಿಲಿಮೀಟರ್ ದಾಟುವುದೇ ಕಷ್ಟ. ಅರವತ್ತು ದಾಟಿದವರು ದೊಡ್ಡ ಮುಂಗಾಜಿಗೆ ಹಣ ಸುರಿಯುವ ಬದಲು ದಪ್ಪ ಗೆರೆಯ ರೆಟಿಕಲ್ ಹುಡುಕುವುದು ಲೇಸು.

ಇದೇ ವಿಚಾರವನ್ನು ಅಮೆರಿಕದವರು ನಾಲ್ಕೂ ಕಡೆಗೆ ಹರಡಿದರು. 1962ರಲ್ಲಿ ಲ್ಯೂಪೋಲ್ಡ್ ಡ್ಯೂಪ್ಲೆಕ್ಸ್ ರೆಟಿಕಲ್ ತಂದಿತು: ಹೊರಗೆ ದಪ್ಪ, ನಡುವಿಗೆ ಬರುತ್ತಿದ್ದಂತೆ ತೆಳು. ದಪ್ಪ ಭಾಗ ಕಣ್ಣನ್ನು ಮಧ್ಯಕ್ಕೆ ಎಳೆದು ತರುತ್ತದೆ, ತೆಳು ಭಾಗ ಗುರಿಯನ್ನು ಮುಚ್ಚದೆ ತೋರಿಸುತ್ತದೆ. ಬೇರೆ ಬೇರೆ ಹೆಸರಿನಲ್ಲಿ ಬಹುತೇಕ ಎಲ್ಲ ಕಂಪನಿಗಳೂ ಅದನ್ನು ಅಳವಡಿಸಿಕೊಂಡವು.

ಬ್ಯಾಟರಿಯಿಂದ ನಡುವಿನ ಚುಕ್ಕಿ ಕೆಂಪಗೆ ಬೆಳಗುವ ರೆಟಿಕಲ್‌ಗಳೂ ಈಗ ಸಾಮಾನ್ಯ. ಒಳ್ಳೆಯದೇ. ಆದರೆ ಬೆಳಕನ್ನು ತೀರಾ ಕಡಿಮೆಗಿಳಿಸಲು ಬರಬೇಕು. ಇಲ್ಲದಿದ್ದರೆ ಆ ಚುಕ್ಕಿಯೇ ಕಣ್ಣು ಕುಕ್ಕಿ, ಹಿಂದಿರುವ ಪ್ರಾಣಿಯನ್ನು ನುಂಗುತ್ತದೆ.

ಬೇಟೆಯಿಂದ ಗುರಿಹಲಗೆಯ ಕಡೆ ಹೊರಳಿದರೆ ಲೆಕ್ಕವೆಲ್ಲ ತಲೆಕೆಳಗು. ಎಫ್-ಕ್ಲಾಸ್ ಎಂಬ ಸ್ಪರ್ಧೆಯಲ್ಲಿ 1000 ಗಜ, ಅಂದರೆ 914 ಮೀಟರ್ ದೂರದ ಕಾಗದದ ಗುರಿಗೆ ಹೊಡೆಯುತ್ತಾರೆ. ಅತಿ ಒಳಗಿನ ವೃತ್ತದ ಅಡ್ಡಳತೆ ಐದೇ ಇಂಚು. ಬೇಟೆಯ ಸ್ಕೋಪಿನ ದಪ್ಪ ಗೆರೆ ಅಷ್ಟು ದೂರದಲ್ಲಿ ಇಡೀ ವೃತ್ತವನ್ನೇ ಮುಚ್ಚಿಬಿಡಬಹುದು. ಅಲ್ಲಿನವರಿಗೆ ಬೇಕಾದದ್ದು ಇದ್ದೂ ಇಲ್ಲದಂಥ ಗೆರೆ, ನಡುವೆ ಸೂಜಿಮೊನೆಯ ಚುಕ್ಕಿ.

ಈ ಸ್ಪರ್ಧೆ ಹುಟ್ಟಿದ ಕಾರಣ ಹೃದಯ ತಟ್ಟುವಂಥದ್ದು. ಕೆನಡಾದ ಜಾರ್ಜ್ ಫಾರ್ಕರ್‌ಸನ್ ಎಂಬ ಹಿರಿಯ ಗುರಿಕಾರರಿಗೆ ವಯಸ್ಸಾಗಿ, ಸ್ಕೋಪಿಲ್ಲದ ಬರಿಯ ಲೋಹದ ಗುರಿಸಾಧನಗಳಿಂದ ಹೊಡೆಯುವುದು ಕಷ್ಟವಾಯಿತು. ಅವರಂಥವರೂ ಮೈದಾನದಲ್ಲಿ ಉಳಿಯಲೆಂದು ಸ್ಕೋಪಿಗೂ ಊರೆಗೂ ಅವಕಾಶ ಕೊಟ್ಟು ಹೊಸ ವಿಭಾಗ ಮಾಡಿದರು. ಎಫ್ ಎಂಬುದು ಅವರ ಮನೆತನದ ಹೆಸರಿನ ಮೊದಲಕ್ಷರ.

ಗುಂಡು ನೇರ ಹೋಗುವುದಿಲ್ಲ

ಗುಂಡು ನಳಿಗೆ ಬಿಟ್ಟ ಕ್ಷಣದಿಂದ ಬೀಳತೊಡಗುತ್ತದೆ. ಅಮೆರಿಕದಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ತೋಟಾಗಳಲ್ಲೊಂದಾದ .308 ವಿಂಚೆಸ್ಟರನ್ನು 100 ಗಜಕ್ಕೆ ಗುರಿ ಹೊಂದಿಸಿಕೊಂಡರೆ, 500 ಗಜದಲ್ಲಿ ಗುಂಡು ಗುರಿಗಿಂತ ಸುಮಾರು ಒಂದೂವರೆ ಮೀಟರ್ ಕೆಳಗೆ ಬಿದ್ದಿರುತ್ತದೆ. ಗಂಟೆಗೆ 16 ಕಿಲೋಮೀಟರ್ ವೇಗದ ಅಡ್ಡಗಾಳಿ, ಧ್ವಜ ಪಟಪಟಿಸುವಷ್ಟು ಗಾಳಿ, ಅದೇ ದೂರದಲ್ಲಿ ಅದನ್ನು ಸುಮಾರು ಅರ್ಧ ಮೀಟರ್ ಪಕ್ಕಕ್ಕೆ ತಳ್ಳುತ್ತದೆ.

ಇದನ್ನು ಸರಿದೂಗಿಸಲು ಎರಡು ದಾರಿ. ಒಂದು, ಸ್ಕೋಪಿನ ಮೇಲಿನ ಗುಬುಟು ತಿರುಗಿಸಿ ಗುರಿಯನ್ನೇ ಏರಿಸುವುದು. ಇನ್ನೊಂದು, ರೆಟಿಕಲ್‌ನ ಮಧ್ಯಬಿಂದುವನ್ನು ಬಿಟ್ಟು ಕೆಳಗಿನ ಗುರುತೊಂದನ್ನು ಗುರಿಯ ಮೇಲಿಡುವುದು. ಎರಡನೆಯದಕ್ಕೆ ಗುರುತುಗಳ ನಡುವಿನ ಅಂತರ ಎಷ್ಟೆಂದು ಗೊತ್ತಿರಬೇಕು. ಇಲ್ಲಿ ಬರುತ್ತದೆ ಮಿಲ್ ಮತ್ತು ಎಂಒಎಗಳ ಮಾತು.

---

ಬಾಕ್ಸ್: ಮಿಲ್, ಎಂಒಎ

ಮಿಲ್: ಒಂದು ರೇಡಿಯನ್ನಿನ ಸಾವಿರದ ಒಂದು ಭಾಗ. 100 ಮೀಟರಿನಲ್ಲಿ 10 ಸೆಂಟಿಮೀಟರ್, 1000 ಮೀಟರಿನಲ್ಲಿ 1 ಮೀಟರ್. ಗುಬುಟಿನ ಒಂದು ಕ್ಲಿಕ್ ಸಾಮಾನ್ಯವಾಗಿ 0.1 ಮಿಲ್.

ಎಂಒಎ: ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ. 100 ಗಜದಲ್ಲಿ 1.047 ಇಂಚು. ಒಂದು ಕ್ಲಿಕ್ ಸಾಮಾನ್ಯವಾಗಿ ಕಾಲು ಎಂಒಎ.

ಒಂದು ಮಿಲ್ = 3.438 ಎಂಒಎ

ದೂರ ಕಾಣುವ ಸೂತ್ರ: ಗುರಿಯ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು 1000ದಿಂದ ಗುಣಿಸಿ, ಅದು ಎಷ್ಟು ಮಿಲ್ ಆವರಿಸುತ್ತದೆಯೋ ಅದರಿಂದ ಭಾಗಿಸಿ. ಬೆನ್ನಿನಿಂದ ಎದೆಯ ಕೆಳಗಿನವರೆಗೆ 45 ಸೆಂಟಿಮೀಟರ್ ಇರುವ ಜಿಂಕೆ 1.5 ಮಿಲ್ ಆವರಿಸಿದರೆ: 0.45 × 1000 ÷ 1.5 = 300 ಮೀಟರ್.

---

ಎರಡರಲ್ಲಿ ಯಾವುದು ಮೇಲು ಎಂದು ಗುರಿಕಾರರು ವಾದಿಸುತ್ತಲೇ ಇರುತ್ತಾರೆ. ಎರಡೂ ಕೋನದ ಅಳತೆಗಳು. ಒಂದರಿಂದ ಆಗುವ ಕೆಲಸ ಇನ್ನೊಂದರಿಂದಲೂ ಆಗುತ್ತದೆ. ಮೀಟರಿನಲ್ಲಿ ಯೋಚಿಸುವ ನಮ್ಮಂಥವರಿಗೆ ಮಿಲ್ ಸುಲಭ. ಮುಖ್ಯವಾದ ಮಾತು ಬೇರೆಯಿದೆ: ರೆಟಿಕಲ್ಲೂ ಗುಬುಟೂ ಒಂದೇ ಅಳತೆಯಲ್ಲಿರಬೇಕು. ಮಿಲ್ ಗೆರೆಗಳ ಸ್ಕೋಪಿಗೆ ಎಂಒಎ ಗುಬುಟು ಹಾಕಿ ಮಾರುತ್ತಿದ್ದ ಕಾಲವೊಂದಿತ್ತು. ಗುಂಡು ಅರ್ಧ ಮಿಲ್ ಕೆಳಗೆ ಬಿತ್ತೆಂದು ಗೆರೆ ಹೇಳಿದರೆ, ಎಷ್ಟು ಕ್ಲಿಕ್ ತಿರುಗಿಸಬೇಕೆಂದು ಮೂರೂವರೆಯ ಮಗ್ಗಿ ನೆನೆಯುತ್ತ ಕೂರಬೇಕಿತ್ತು. ಅಂಥದ್ದು ಇಂದಿಗೂ ಅಲ್ಲಲ್ಲಿ ಅಗ್ಗಕ್ಕೆ ಸಿಗುತ್ತದೆ. ಕೊಳ್ಳಬೇಡಿ.

ಗೆರೆಯಿಂದ ದೂರ ಅಳೆಯುವ ಕಲೆಯನ್ನು ಹರಿತಗೊಳಿಸಿದ್ದು ಸೈನ್ಯಗಳು. 1963ರಲ್ಲಿ ಸೋವಿಯತ್ ಸೈನ್ಯ ಒಪ್ಪಿಕೊಂಡ ಡ್ರಾಗುನೋವ್ ರೈಫಲಿನ ಸ್ಕೋಪಿನಲ್ಲಿ ಇಳಿಜಾರಾದ ಬಾಗುಗೆರೆಯೊಂದಿದೆ, 1.7 ಮೀಟರ್ ಎತ್ತರದ ಮನುಷ್ಯ ಅದರ ಕೆಳಗೆ ಎಲ್ಲಿ ಸರಿಯಾಗಿ ಹಿಡಿಸುತ್ತಾನೋ ಅಲ್ಲಿರುವ ಅಂಕಿಯೇ ದೂರ. ಭಾರತೀಯ ಸೇನೆಯೂ ದಶಕಗಳ ಕಾಲ ಬಳಸಿದ ರೈಫಲ್ ಅದು. 1970ರ ದಶಕದ ಕೊನೆಗೆ ಅಮೆರಿಕದ ಮರೀನ್ ಪಡೆ ಗೆರೆಗಳ ಮೇಲೆ ಒಂದೊಂದು ಮಿಲ್‌ಗೆ ಒಂದು ಚುಕ್ಕಿಯಿಟ್ಟ ಮಿಲ್-ಡಾಟ್ ರೆಟಿಕಲ್ ಬಳಕೆಗೆ ತಂದಿತು. ನಾಗರಿಕರ ಕೈಗೆ ಬಂದದ್ದು ಆಮೇಲೆ.

ಈಗ ಕೈಯಲ್ಲಿ ಹಿಡಿಯುವ ಲೇಸರ್ ಯಂತ್ರ ಗುಂಡಿ ಒತ್ತಿದೊಡನೆ ದೂರ ಹೇಳುತ್ತದೆ. ದೂರ ಅಳೆಯುವುದಕ್ಕಾಗಿಯೇ ಇವತ್ತು ರೆಟಿಕಲ್ ಆರಿಸುವ ಅಗತ್ಯವಿಲ್ಲ. ಬ್ಯಾಟರಿ ಸತ್ತ ದಿನಕ್ಕೆ ಆ ವಿದ್ಯೆ ಗೊತ್ತಿದ್ದರೆ ಸಾಕು. ಗಾಳಿಯನ್ನು ಮಾತ್ರ ಯಾವ ಲೇಸರ್ರೂ ನಮಗಾಗಿ ಸರಿಪಡಿಸುವುದಿಲ್ಲ. ಅಡ್ಡಗೆರೆಯ ಮೇಲಿನ ಗುರುತುಗಳು ಬೆಲೆಬಾಳುವುದು ಅಲ್ಲಿ.

ಎಲ್ಲಿದೆ ಗೆರೆ: ಮುಂದೋ, ಹಿಂದೋ?

ಹೊಸಬರು ಹೆಚ್ಚು ಎಡವುವುದು ಇಲ್ಲಿ, ಅಂಗಡಿಯವರು ಕಡಿಮೆ ವಿವರಿಸುವುದೂ ಇದನ್ನೇ. ಹಿಗ್ಗಿಸಿ ಕುಗ್ಗಿಸಬಲ್ಲ ಸ್ಕೋಪಿನೊಳಗೆ ಬಿಂಬ ಎರಡು ಕಡೆ ಮೂಡುತ್ತದೆ. ಹಿಗ್ಗಿಸುವ ಮಸೂರಗಳಿಗಿಂತ ಮುಂದೆ ಒಂದು, ಹಿಂದೆ ಒಂದು. ರೆಟಿಕಲ್ಲನ್ನು ಎರಡರಲ್ಲಿ ಯಾವ ಕಡೆಯಾದರೂ ಇಡಬಹುದು. ಮೊದಲನೆಯದಕ್ಕೆ ಎಫ್‌ಎಫ್‌ಪಿ ಎನ್ನುತ್ತಾರೆ, ಎರಡನೆಯದಕ್ಕೆ ಎಸ್‌ಎಫ್‌ಪಿ.

ಬಟ್ಟೆಯ ಮೇಲೆ ಅಳತೆಯ ಟೇಪು ಚಾಚಿಟ್ಟು ಫೋಟೊ ತೆಗೆದಿರೆನ್ನಿ. ಫೋಟೊ ದೊಡ್ಡದು ಮಾಡಿದರೆ ಟೇಪೂ ದೊಡ್ಡದಾಗುತ್ತದೆ. ಅದನ್ನು ಓದಿದರೆ ಬಟ್ಟೆಯ ಅಳತೆ ಯಾವಾಗಲೂ ಸರಿ. ಎಫ್‌ಎಫ್‌ಪಿ ಎಂದರೆ ಇದು. ಟೇಪಿಲ್ಲದೆ ಫೋಟೊ ತೆಗೆದು, ಆಮೇಲೆ ಅದರ ಮೇಲೆ ಟೇಪಿಟ್ಟರೆ? ಫೋಟೊ ಯಾವುದೋ ಒಂದು ಗಾತ್ರದಲ್ಲಿದ್ದಾಗ ಮಾತ್ರ ಅಳತೆ ನಿಜ. ಎಸ್‌ಎಫ್‌ಪಿ ಎಂದರೆ ಅದು. ಸಾಮಾನ್ಯವಾಗಿ ಆ ಒಂದು ಗಾತ್ರ ಸ್ಕೋಪಿನ ಗರಿಷ್ಠ ಹಿಗ್ಗುವಿಕೆ.

ಇದು ಎಷ್ಟು ದುಬಾರಿಯಾಗಬಹುದು ನೋಡಿ. 4ರಿಂದ 16 ಪಟ್ಟಿನ ಎಸ್‌ಎಫ್‌ಪಿ ಸ್ಕೋಪು; ಗುರುತುಗಳು 16ರಲ್ಲಿ ಸರಿ. ಮೇಲೆ ಹೇಳಿದ ಜಿಂಕೆಯನ್ನು ಅವಸರದಲ್ಲಿ 8 ಪಟ್ಟಿಗಿಟ್ಟು ಅಳೆದರೆ ಒಂದೂವರೆ ಮಿಲ್‌ನ ಬದಲು ಮುಕ್ಕಾಲು ಎಂದು ಕಾಣುತ್ತದೆ. ಸೂತ್ರಕ್ಕೆ ಹಾಕಿದರೆ 300 ಮೀಟರಿನ ಜಿಂಕೆ 600 ಮೀಟರಿಗೆ ಓಡಿಹೋಯಿತು. ಅಷ್ಟೇ ಅಲ್ಲ, 600 ಮೀಟರಿಗೆಂದು ಕೆಳಗಿನ ಗುರುತು ಹಿಡಿದರೆ ಆ ಗುರುತೂ 8 ಪಟ್ಟಿನಲ್ಲಿ ಎರಡರಷ್ಟು ಬೆಲೆಯದು. ತಪ್ಪಿನ ಮೇಲೆ ತಪ್ಪು ಕೂಡಿ, ಗುಂಡು ಜಿಂಕೆಯ ಬೆನ್ನಿಗಿಂತ ಎರಡು ಮೀಟರಿಗೂ ಎತ್ತರದಲ್ಲಿ ಹಾರಿ ಆಚೆ ಎಲ್ಲೋ ಬೀಳುತ್ತದೆ. ಆಚೆ ಯಾರಿದ್ದಾರೆಂದು ಹೊಡೆದವನಿಗೆ ಗೊತ್ತಿಲ್ಲ.

ಹಾಗಾದರೆ ಎಲ್ಲರೂ ಎಫ್‌ಎಫ್‌ಪಿ ಕೊಳ್ಳಬಾರದೇಕೆ? ಕಡಿಮೆ ಪಟ್ಟಿಗೆ ಇಳಿಸಿದಾಗ ಅದರ ಗೆರೆಗಳೂ ಕುಗ್ಗಿ ಕೂದಲಾಗುತ್ತವೆ. ದಟ್ಟ ಕಾಡಿನಲ್ಲಿ, ನಾಲ್ಕು ಪಟ್ಟಿನಲ್ಲಿ, ಮೂವತ್ತು ಮೀಟರಿನಲ್ಲಿ ಎದ್ದು ಓಡುವ ಪ್ರಾಣಿಯೆದುರು ಅವು ಕಣ್ಣಿಗೇ ಸಿಗುವುದಿಲ್ಲ. ಹೆಚ್ಚಿನ ಪಟ್ಟಿಗೆ ಏರಿಸಿದರೆ ದಪ್ಪವಾಗಿ ಸಣ್ಣ ಗುರಿಯನ್ನು ಮುಚ್ಚಲೂಬಹುದು. ಹಳೆಯ ಯುರೋಪಿಯನ್ ತಯಾರಕರು ಎಫ್‌ಎಫ್‌ಪಿಯಲ್ಲಿ ದಪ್ಪ ಕಂಬಗಳನ್ನಿಟ್ಟು ಈ ತೊಂದರೆಯನ್ನು ನಿಭಾಯಿಸಿದರು. ಅಮೆರಿಕದ ಬೇಟೆಗಾರರು ಗಾತ್ರ ಬದಲಾಗದ ಎಸ್‌ಎಫ್‌ಪಿಯ ಡ್ಯೂಪ್ಲೆಕ್ಸನ್ನು ನೆಚ್ಚಿಕೊಂಡರು. ಗುರುತುಗಳೇ ಇಲ್ಲದ ರೆಟಿಕಲ್ಲಿಗೆ ಎಸ್‌ಎಫ್‌ಪಿಯಿಂದ ಯಾವ ನಷ್ಟವೂ ಇಲ್ಲ. ಗುರುತುಗಳನ್ನು ನಂಬಿ ಹೊಡೆಯುವವರಿಗೆ ಎಫ್‌ಎಫ್‌ಪಿಯೇ ಸರಿ.

ಗುರುತು ಹೆಚ್ಚಾದಷ್ಟೂ

ಮಿಲ್, ಎಂಒಎ ಗುರುತುಗಳಲ್ಲದೆ ಅಂಗಡಿಗಳಲ್ಲಿ ಮಾರುವ ಇನ್ನೊಂದು ಬಗೆಯಿದೆ: ಬಿ.ಡಿ.ಸಿ. ಗುಂಡಿನ ಕುಸಿತಕ್ಕೆ ತಕ್ಕಂತೆ 200, 300, 400 ಗಜ ಎಂದು ಮೊದಲೇ ಹೊಂದಿಸಿದ ಗುರುತುಗಳ ರೆಟಿಕಲ್ ಇದು. ನೋಡಲು ಬಹಳ ಸುಲಭ. ಆದರೆ ಆ ಗುರುತುಗಳನ್ನು ಯಾವುದೋ ಒಂದು ತೋಟಾಕ್ಕೆ, ಯಾವುದೋ ಒಂದು ವೇಗಕ್ಕೆ, ಯಾವುದೋ ಒಂದು ಹವೆಗೆ ಲೆಕ್ಕ ಹಾಕಿರುತ್ತಾರೆ. ನಿಮ್ಮ ನಳಿಗೆ ಎರಡು ಇಂಚು ಚಿಕ್ಕದಾದರೆ ವೇಗ ಬೇರೆ. ಕೊಲರಾಡೊದ ಬೆಟ್ಟ ಹತ್ತಿದರೆ ಗಾಳಿ ತೆಳುವಾಗಿ ಗುಂಡು ಕಡಿಮೆ ಕುಸಿಯುತ್ತದೆ. 400 ಎಂದು ಬರೆದ ಗುರುತು ನಿಮ್ಮ ರೈಫಲಿಗೆ 370 ಆಗಬಹುದು, 430ಯೂ ಆಗಬಹುದು. ಪರೀಕ್ಷಿಸಿ ನೋಡಿಕೊಂಡವರಿಗೆ ಇದು ಒಳ್ಳೆಯ ಸಾಧನ. ಡಬ್ಬಿಯ ಮೇಲಿನ ಬರಹವನ್ನು ನಂಬಿದವರಿಗೆ ಅಪಾಯ.

ಅತಿ ದೂರದ ಗುರಿಕಾರರದು ಇನ್ನೊಂದೇ ಲೋಕ. ಅವರ ರೆಟಿಕಲ್‌ನಲ್ಲಿ ಮಧ್ಯಬಿಂದುವಿನಿಂದ ಕೆಳಕ್ಕೆ ಇಳಿಯುತ್ತಾ ಅಗಲವಾಗುವ ಚುಕ್ಕಿಗಳ ಸಾಲು. ಕ್ರಿಸ್‌ಮಸ್ ಮರವೆಂದೇ ಅದಕ್ಕೆ ಹೆಸರು. ಕ್ಯಾಲಿಫೋರ್ನಿಯಾದ ಡೆನಿಸ್ ಸಮ್ಮುಟ್ ಕಟ್ಟಿದ ಹೋರಸ್ ವಿಷನ್ ಕಂಪನಿ ಈ ಜಾಲರಿ ವಿನ್ಯಾಸವನ್ನು ಜನಪ್ರಿಯಗೊಳಿಸಿತು. ಮೊದಲ ಗುಂಡು ಎಲ್ಲಿ ಮಣ್ಣು ಎಬ್ಬಿಸಿತೆಂದು ಜಾಲರಿಯ ಮೇಲೆ ನೋಡಿ, ಅದೇ ಚುಕ್ಕಿಯನ್ನು ಗುರಿಯ ಮೇಲಿಟ್ಟು ಎರಡನೆಯದನ್ನು ಹೊಡೆಯಬಹುದು. ಗುಬುಟು ಮುಟ್ಟುವ ಗೋಜೇ ಇಲ್ಲ. 2012ರಲ್ಲಿ ಶುರುವಾದ ಪ್ರಿಸಿಷನ್ ರೈಫಲ್ ಸೀರೀಸ್‌ನಂಥ ಸ್ಪರ್ಧೆಗಳಲ್ಲಿ ಗಡಿಯಾರದ ಮುಳ್ಳು ಓಡುತ್ತಿರುವಾಗ ಒಂದಾದ ಮೇಲೊಂದು ಬೇರೆ ಬೇರೆ ದೂರದ ಹಲಗೆಗಳಿಗೆ ಹೊಡೆಯಬೇಕು. ಅಲ್ಲಿ ಈ ಮರ ನಿಜವಾಗಿ ಕೆಲಸಕ್ಕೆ ಬರುತ್ತದೆ.

ಅದೇ ಮರವನ್ನು ಜಿಂಕೆಯ ಕಾಡಿಗೆ ಒಯ್ದರೆ ಐವತ್ತು ಚುಕ್ಕಿಗಳ ಹಿಂದೆ ಜಿಂಕೆ ಕಾಣುವುದಿಲ್ಲ. ಇನ್ನೊಂದು ಕೆಡುಕೂ ಇದೆ. 800 ಮೀಟರಿಗೂ ಚುಕ್ಕಿಯಿದೆ ಎಂದಾಕ್ಷಣ 800 ಮೀಟರಿನಿಂದ ಪ್ರಾಣಿಗೆ ಹೊಡೆಯಬಹುದು ಎಂಬ ಧೈರ್ಯ ಬಂದುಬಿಡುತ್ತದೆ. 500 ಗಜ ದಾಟಲು ಗುಂಡಿಗೆ ಸುಮಾರು ಮುಕ್ಕಾಲು ಸೆಕೆಂಡು ಬೇಕು. ಜಿಂಕೆ ಒಂದು ಹೆಜ್ಜೆ ಮುಂದಿಡಲು ಅಷ್ಟು ಸಾಕು. ಎದೆಗೆ ಹೊಡೆದದ್ದು ಹೊಟ್ಟೆಗೆ ತಗಲುತ್ತದೆ. ಹೊಟ್ಟೆಗೆ ಗುಂಡು ಬಿದ್ದ ಪ್ರಾಣಿ ಗಂಟೆಗಟ್ಟಲೆ ನರಳಿ ಸಾಯುತ್ತದೆ, ಬಹಳ ಸಲ ಯಾರಿಗೂ ಸಿಗದೆ.

1887ರಲ್ಲಿ ಥಿಯೊಡೋರ್ ರೂಸ್‌ವೆಲ್ಟ್ ಸ್ಥಾಪಿಸಿದ ಬೂನ್ ಆ್ಯಂಡ್ ಕ್ರಾಕೆಟ್ ಕ್ಲಬ್, ಅಮೆರಿಕದ ಬೇಟೆಯ ನೀತಿಯ ವಿಚಾರದಲ್ಲಿ ಹಿರಿಯ ಸಂಸ್ಥೆ. ಅದರ ನಿಲುವು ನನಗೆ ಪೂರ್ತಿ ಒಪ್ಪಿಗೆ. ತನ್ನ ಉಪಕರಣ ಎಷ್ಟು ದೂರ ಹೊಡೆಯಬಲ್ಲದೆಂದು ಪರೀಕ್ಷಿಸುವ ಉದ್ದೇಶದಿಂದ ಜೀವಂತ ಪ್ರಾಣಿಗೆ ಗುರಿಯಿಡುವುದನ್ನು ಬೇಟೆಯೆಂದು ಅದು ಒಪ್ಪುವುದಿಲ್ಲ. ದೂರದ ಪರೀಕ್ಷೆಗೆ ಕಬ್ಬಿಣದ ಹಲಗೆಗಳಿವೆ.

---

ಬಾಕ್ಸ್: ನಮ್ಮಲ್ಲಿ

ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972 ಬಂದ ಮೇಲೆ ಭಾರತದಲ್ಲಿ ಕಾಡುಪ್ರಾಣಿಗಳ ಬೇಟೆ ಅಪರಾಧ. ಕೊಡವರಿಗೆ ಬಂದೂಕು ಪರವಾನಗಿಯಿಂದ ವಿನಾಯಿತಿಯಿದೆ. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ವಿಸ್ತರಿಸಿತು. ವಿನಾಯಿತಿ ಕೋವಿಗೆ, ಬೇಟೆಗಲ್ಲ. ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ ಮುಡಿಸಿ ಪೂಜಿಸುತ್ತಾರೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಸುತ್ತಾರೆ.

ಬೆಂಗಳೂರಿನ ಕೆನೆತ್ ಆ್ಯಂಡರ್ಸನ್ ನರಭಕ್ಷಕಗಳನ್ನು ಹೊಡೆದದ್ದು .405 ವಿಂಚೆಸ್ಟರ್ ರೈಫಲಿನಿಂದ. ಪೂರ್ಣಚಂದ್ರ ತೇಜಸ್ವಿ ಆ ಕಥೆಗಳನ್ನು ಕನ್ನಡಕ್ಕೆ ತಂದದ್ದು ಓದುಗರಿಗೆ ಗೊತ್ತು. ಅಲ್ಲಿ ರೆಟಿಕಲ್ಲಿನ ಮಾತಿಲ್ಲ. ಕೆಲವೇ ಗಜಗಳ ದೂರ, ರೈಫಲಿಗೆ ಬಿಗಿದ ಟಾರ್ಚು.

ಒಲಿಂಪಿಕ್ಸ್‌ನ ರೈಫಲ್ ಸ್ಪರ್ಧೆಗಳಲ್ಲೂ ಸ್ಕೋಪಿಗೆ ಅವಕಾಶವಿಲ್ಲ. 2008ರಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ 10 ಮೀಟರ್ ಏರ್ ರೈಫಲಿನಲ್ಲಿ ಹತ್ತು ಅಂಕದ ಚುಕ್ಕಿ ಅರ್ಧ ಮಿಲಿಮೀಟರಿನದು. ಅದನ್ನು ಹೊಡೆಯುವುದು ರಂಧ್ರದ ಮೂಲಕ ನೋಡುವ ಗುರಿಸಾಧನದಿಂದ.

---

ಹಾಗಾದರೆ ಯಾವುದು?

ಮೊದಲು ಕೇಳಿಕೊಳ್ಳಬೇಕಾದದ್ದು ರೆಟಿಕಲ್ಲಿನ ಪ್ರಶ್ನೆಯಲ್ಲ, ದೂರದ ಪ್ರಶ್ನೆ. ಕಾಡಿನ ಬೇಟೆಯಲ್ಲಿ ಈಡು ಬೀಳುವುದು ಬಹುಮಟ್ಟಿಗೆ 200 ಮೀಟರಿನೊಳಗೆ. ಅಂಥವರಿಗೆ ಡ್ಯೂಪ್ಲೆಕ್ಸ್ ಅಥವಾ ಜರ್ಮನ್ ನಾಲ್ಕನೇ ನಂಬರು ಸಾಕು. ಅದಕ್ಕಿಂತ ಹೆಚ್ಚಿನದು ಅಡ್ಡಿಯೇ ಹೊರತು ನೆರವಲ್ಲ. ಮಾರಾಟಗಾರ ಏನೇ ಹೇಳಲಿ, ಎರಡು ಗೆರೆಗಳ ಸ್ಕೋಪು ಬಡವರದಲ್ಲ.

ಬಯಲುಸೀಮೆಯಲ್ಲಿ, ಪರ್ವತದ ಇಳಿಜಾರಿನಲ್ಲಿ ಮುನ್ನೂರು ನಾನೂರು ಮೀಟರ್ ಹೊಡೆಯುವ ಅಭ್ಯಾಸವಿರುವವರಿಗೆ ಕೆಲವೇ ಗುರುತುಗಳ, ಹೊರಗಡೆ ದಪ್ಪ ಕಂಬಗಳಿರುವ ಮಿಲ್ ರೆಟಿಕಲ್ ಹೊಂದುತ್ತದೆ. ಗಾಳಿಗೆಂದು ಅಡ್ಡಗೆರೆಯ ಮೇಲೆ ಗುರುತುಗಳಿರಲಿ. ಹಲಗೆಗೆ ಹೊಡೆಯುವ ಸ್ಪರ್ಧಿಗಳು ಎಫ್‌ಎಫ್‌ಪಿಯ ಮರವನ್ನು ತೆಗೆದುಕೊಳ್ಳಲಿ, ಜೊತೆಯಲ್ಲಿ ದುರ್ಬೀನು ಹಿಡಿದು ಹೇಳುವ ಗೆಳೆಯನದೂ ಅದೇ ಅಳತೆಯಿರಲಿ. ಒಬ್ಬ ಮಿಲ್‌ನಲ್ಲಿ ಹೇಳಿ ಇನ್ನೊಬ್ಬ ಎಂಒಎಯಲ್ಲಿ ಕೇಳಿಸಿಕೊಂಡರೆ ಗುಂಡು ಎಲ್ಲಿಗೆ ಹೋದೀತು! ಕಾಗದದ ಗುರಿಯವರಿಗೆ ತೆಳು ಗೆರೆ, ಸಣ್ಣ ಚುಕ್ಕಿ. ಎಸ್‌ಎಫ್‌ಪಿಯಾದರೆ ಆ ತೆಳುವು ಯಾವ ಪಟ್ಟಿನಲ್ಲೂ ಹಾಗೇ ಉಳಿಯುತ್ತದೆ.

ಒಂದೇ ಸ್ಕೋಪಿನಲ್ಲಿ ಈ ಎಲ್ಲ ಕೆಲಸ ಆಗಬೇಕೆಂದು ಹುಡುಕುವವರಿಗೆ ನನ್ನ ಉತ್ತರ ಇಷ್ಟೆ: ಆಗುವುದಿಲ್ಲ. ಯಾವ ಕೆಲಸವನ್ನು ಹೆಚ್ಚು ಮಾಡುತ್ತೀರೋ ಅದಕ್ಕೆ ಕೊಳ್ಳಿ.

ಕೊಂಡ ಮೇಲೆ ಕಣ್ಣಿನ ಕಡೆಯ ಉಂಗುರವನ್ನು ನಿಮ್ಮ ದೃಷ್ಟಿಗೆ ಹೊಂದಿಸಿಕೊಳ್ಳಿ. ಬರಿಯ ಆಕಾಶದ ಕಡೆ, ಸೂರ್ಯನಿಂದ ದೂರ, ಸ್ಕೋಪು ಹಿಡಿದು ನೋಡಿದೊಡನೆ ಗೆರೆ ಚೂಪಾಗಿ ಕಾಣಬೇಕು. ತುಂಬ ಹೊತ್ತು ನೋಡುತ್ತ ಹೊಂದಿಸಿದರೆ ಕಣ್ಣೇ ತಪ್ಪಿಗೆ ಹೊಂದಿಕೊಂಡುಬಿಡುತ್ತದೆ. ಎಷ್ಟೋ ಮಂದಿ ಈ ಉಂಗುರವನ್ನು ಮುಟ್ಟದೆಯೇ ರೆಟಿಕಲ್ ಮಸುಕೆಂದು ದೂರುತ್ತಾರೆ.

ಅಮೆರಿಕ, ಯುರೋಪುಗಳಲ್ಲಿ ನೆಲೆಸಿ, ಅಲ್ಲಿನ ಕಾನೂನಿನಂತೆ ಪರವಾನಗಿ ಪಡೆದು ಬೇಟೆಗೆ ಹೊರಡುವ ಕನ್ನಡಿಗರಿದ್ದರೆ ಅವರಲ್ಲೊಂದು ವಿನಂತಿ. ಜಿಂಕೆಯ ಎದೆಯಲ್ಲಿ ಒಂದೇ ಈಡಿಗೆ ಪ್ರಾಣ ಹೋಗುವ ಜಾಗದ ಅಗಲ ಸುಮಾರು 20 ಸೆಂಟಿಮೀಟರ್. ಅಷ್ಟೇ ಅಗಲದ ಕಾಗದದ ತಟ್ಟೆಯನ್ನು ಬೇರೆ ಬೇರೆ ದೂರದಲ್ಲಿ ನಿಲ್ಲಿಸಿ, ಬೇಟೆಗೆ ಒಯ್ಯುವ ಅದೇ ತೋಟಾದಿಂದ ನಿಮ್ಮ ರೆಟಿಕಲ್ಲಿನ ಪ್ರತಿ ಗುರುತನ್ನೂ ಹೊಡೆದು ಪರೀಕ್ಷಿಸಿ. ಹತ್ತಕ್ಕೆ ಹತ್ತೂ ಗುಂಡು ತಟ್ಟೆಯೊಳಗೆ ಬೀಳದ ದೂರದಿಂದ ಪ್ರಾಣಿಗೆ ಹೊಡೆಯಬೇಡಿ.